ಕಂತು ತಪ್ಪಿದ ಮೇಲೆ ಎಷ್ಟು ದಿನ?

ಪ್ರಥಮ ಪಿಯುಸಿಯ ಬೇಸಿಕ್ ಮ್ಯಾಥ್ಸ್‌ನಲ್ಲಿ ಆನ್ಯುಯಿಟಿ ಎಂಬ ಅಧ್ಯಾಯವಿದೆ. ಸಮಾನ ಅವಧಿಗೊಮ್ಮೆ ಸಮಾನ ಮೊತ್ತವನ್ನು ಕಟ್ಟುತ್ತಾ ಹೋಗುವುದೇ ಆನ್ಯುಯಿಟಿ. ಸೂತ್ರ ಬಾಯಿಪಾಠ ಮಾಡಿ, ಎರಡು ಲೆಕ್ಕ ಬಿಡಿಸಿ, ಪರೀಕ್ಷೆ ಬರೆದು ಮರೆಯುವವರೇ ನಮ್ಮಲ್ಲಿ ಹೆಚ್ಚು. ಆದರೆ ನಮ್ಮ ಮನೆಗಳಲ್ಲಿ ಇಎಂಐ ಎಂದು ಕರೆಯುವುದು ಇದನ್ನೇ. ರಾಮನಗರದ ಒಂದು ರೇಷ್ಮೆ ರೀಲಿಂಗ್ ಘಟಕದಲ್ಲಿ ಅಬ್ಬಾ ಮೇಸ್ತ್ರಿಯಾಗಿದ್ದರು. ಕಳೆದ ವರ್ಷ ಮಾಲೀಕರು ಆ ಘಟಕವನ್ನು ಮುಚ್ಚಿದರು. ಮನೆ ಸಾಲದ ಕಂತು ಮಾತ್ರ ಮುಚ್ಚಲಿಲ್ಲ. ಆಗ ಈ ಅಧ್ಯಾಯವನ್ನು ನಾನು ಎರಡನೇ ಸಲ ಓದಿದೆ. ನಮ್ಮ ತರಗತಿಯಲ್ಲಿ ಇಂಥದೇ ಮನೆಗಳಿಂದ ಬರುವವರು ಇನ್ನೂ ಹಲವರಿದ್ದಾರೆ ಎಂದು ನನಗೆ ಗೊತ್ತಿರುವುದರಿಂದ ಈ ಲೇಖನ.

ಬರೆಯಲು ಅಬ್ಬಾ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಬ್ಯಾಂಕಿನ ಹೆಸರು ಬೇಡ, ನಮ್ಮ ನಿಜವಾದ ಅಂಕಿಗಳೂ ಬೇಡ. ಹಾಗಾಗಿ ಕೆಳಗಿನ ಲೆಕ್ಕಕ್ಕೆ ನಮ್ಮ ಮನೆಗೆ ಹತ್ತಿರವಿರುವ, ಆದರೆ ದುಂಡಾದ ಅಂಕಿಗಳನ್ನು ತೆಗೆದುಕೊಂಡಿದ್ದೇನೆ. ಸಾಲ 10 ಲಕ್ಷ ರೂಪಾಯಿ, ಬಡ್ಡಿ ವರ್ಷಕ್ಕೆ ಶೇ. 9, ಅವಧಿ 15 ವರ್ಷ. ಬಡ್ಡಿ ದರ ನಡುವೆ ಬದಲಾಗಿಲ್ಲ ಎಂದುಕೊಳ್ಳಿ.

ಮೊದಲು ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಮನೆಯಲ್ಲಿ ಮಾತು ಉರ್ದು. ಬ್ಯಾಂಕಿನ ಕನ್ನಡ ಕಾಗದಗಳನ್ನು ಓದಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಷ್ಟವಾಗುತ್ತದೆ ಅಂದುಕೊಂಡಿದ್ದೆ. ಆದರೆ ಬಾಕಿ, ವಸೂಲಿ, ಜಾಮೀನು, ಜಪ್ತಿ, ಹರಾಜು, ರಸೀದಿ, ಇವೆಲ್ಲ ನಮ್ಮ ಮನೆಯ ಮಾತುಗಳೇ! ಸಾಲದ ವಿಷಯದಲ್ಲಿ ಕನ್ನಡವೂ ಉರ್ದುವೂ ಒಂದೇ ಸಂತೆಯಲ್ಲಿ ಮಾತು ಕಲಿತಂತಿವೆ. ನಾನು ಹೊಸದಾಗಿ ಕಲಿಯಬೇಕಾಗಿ ಬಂದ ಪದ ಒಂದೇ, ಅಡಮಾನ. ಮನೆಯಲ್ಲಿ ನಾವು ಗಿರ್ವಿ ಎನ್ನುತ್ತೇವೆ.

ಅಡಮಾನ ಎಂದರೆ ಮನೆ ಬ್ಯಾಂಕಿನದು ಎಂದಲ್ಲ. ಮನೆ ನಮ್ಮ ಹೆಸರಿನಲ್ಲೇ ಇರುತ್ತದೆ, ಕಂದಾಯ ಕಟ್ಟುವವರೂ ನಾವೇ. ಸಾಮಾನ್ಯವಾಗಿ ಮನೆ ಸಾಲದಲ್ಲಿ ನಡೆಯುವುದು ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಮಾಡುವ ಅಡಮಾನ. ಸಾಲ ತೀರದಿದ್ದರೆ ಮನೆಯನ್ನು ಮಾರಿ ಹಣ ಪಡೆಯುವ ಹಕ್ಕು ಬ್ಯಾಂಕಿಗೆ ಬರುತ್ತದೆ, ಆದರೆ ಅದಕ್ಕೆ ಕಾನೂನು ಹೇಳಿದ ಮೆಟ್ಟಿಲುಗಳಿವೆ. ಸಾಲ ಪೂರ್ತಿ ತೀರಿದ ಮೇಲೆ 30 ದಿನಗಳೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ.

ಈಗ ಲೆಕ್ಕ. 10 ಲಕ್ಷಕ್ಕೆ ಶೇ. 9ರಂತೆ 180 ಕಂತು ಮಾಡಿದರೆ ತಿಂಗಳ ಕಂತು 10,143 ರೂಪಾಯಿ ಬರುತ್ತದೆ. ಮೊದಲ ತಿಂಗಳ ಬಡ್ಡಿ 10 ಲಕ್ಷಕ್ಕೆ ಶೇ. 0.75, ಅಂದರೆ 7,500. ಕಟ್ಟಿದ 10,143ರಲ್ಲಿ ಅಸಲಿಗೆ ಹೋದದ್ದು 2,643 ಮಾತ್ರ. ಮೂರು ವರ್ಷ, ಒಂದೂ ತಪ್ಪದೆ 36 ಕಂತು ಕಟ್ಟಿದರೆ ಒಟ್ಟು ಸುಮಾರು 3,65,000 ರೂಪಾಯಿ ಕಟ್ಟಿದಂತಾಯಿತು. ಬಾಕಿ ಎಷ್ಟು ಉಳಿದಿರುತ್ತದೆ? 8,91,247. ಮೂರು ವರ್ಷದಲ್ಲಿ ಅಸಲು ಇಳಿದದ್ದು ಸುಮಾರು 1,09,000 ಮಾತ್ರ. ಈ ಸಂಖ್ಯೆಯನ್ನು ನೋಡಿದಾಗ ಅಮ್ಮಿ ಬ್ಯಾಂಕಿನವರು ಮೋಸ ಮಾಡಿದ್ದಾರೆ ಎಂದೇ ತಿಳಿದರು. ಮೋಸವಲ್ಲ, ಆನ್ಯುಯಿಟಿಯ ಸ್ವಭಾವವೇ ಹಾಗೆ. ಆರಂಭದಲ್ಲಿ ಅಸಲು ದೊಡ್ಡದಿರುವುದರಿಂದ ಕಂತಿನ ಹೆಚ್ಚಿನ ಪಾಲನ್ನು ಬಡ್ಡಿ ತಿನ್ನುತ್ತದೆ.

ಅಬ್ಬಾಗೆ 26,000 ಬರುತ್ತಿತ್ತು, ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಆಪಾಗೆ 9,000. ಒಟ್ಟು 35,000ದಲ್ಲಿ ಕಂತು ಶೇ. 29ರಷ್ಟು. ಘಟಕ ಮುಚ್ಚಿದ ಮೇಲೆ ಎರಡು ತಿಂಗಳು ಅಬ್ಬಾಗೆ ಏನೂ ಸಿಗಲಿಲ್ಲ. ಸಣ್ಣ ಬೇಸಿನ್‌ಗಳಲ್ಲಿ ಬಿಸಿನೀರಿನಿಂದ ನೂಲು ತೆಗೆಯುವ ಕೆಲಸವನ್ನು ಈಗ ಆಟೊಮ್ಯಾಟಿಕ್ ರೀಲಿಂಗ್ ಯಂತ್ರಗಳು ಮಾಡುತ್ತಿವೆ. ಇಪ್ಪತ್ತು ವರ್ಷ ಗೂಡಿನ ಗುಣವನ್ನು ಮುಟ್ಟಿಯೇ ಹೇಳುತ್ತಿದ್ದವರಿಗೆ ಬೇರೆ ಘಟಕದಲ್ಲಿ ಜಾಗ ಸುಲಭಕ್ಕೆ ಸಿಗುವುದಿಲ್ಲ. ಕೊನೆಗೆ ಬಾಡಿಗೆಗೆ ಲಗೇಜ್ ಆಟೊ ಓಡಿಸಲು ಹೋದರು, 11,000 ಉಳಿಯುತ್ತದೆ. ಈಗ ಒಟ್ಟು 20,000, ಕಂತು ಅದರ ಅರ್ಧಕ್ಕಿಂತ ಹೆಚ್ಚು. ಉಳಿದದ್ದರಲ್ಲಿ ಐದು ಜನರ ಊಟ, ಗ್ಯಾಸು, ತಮ್ಮನ ಶಾಲೆ, ನನ್ನ ಕಾಲೇಜು. ಸಾಲ ಮಾಡುವಾಗ ಬ್ಯಾಂಕಿನವರು ಒಂದು ವಿಮೆಯನ್ನೂ ಮಾಡಿಸಿದ್ದರು. ಅದರ ಪತ್ರ ತೆಗೆದು ಓದಿದೆವು. ಸಾಲಗಾರ ತೀರಿಕೊಂಡರೆ ಅದು ಸಾಲ ತೀರಿಸುತ್ತದೆ, ಕೆಲಸ ಹೋದರೆ ಇಲ್ಲ. ನಿಮ್ಮ ಮನೆಯಲ್ಲಿ ಅಂಥ ಪಾಲಿಸಿ ಇದ್ದರೆ ಯಾವುದಕ್ಕೆ ಎಂದು ಈಗಲೇ ಓದಿಡಿ.

ಹೆಚ್ಚಿನ ಮನೆಗಳಲ್ಲಿ ಗೊತ್ತಿರದ ವಿಷಯ ಇಲ್ಲಿಂದ ಶುರು. ಕಂತು ತಪ್ಪಿದ ಮರುದಿನವೇ ಮನೆಗೆ ಬೀಗ ಬೀಳುವುದಿಲ್ಲ. ಅಮ್ಮಿ ಮೂರು ರಾತ್ರಿ ನಿದ್ದೆ ಮಾಡದೆ ಹೆದರಿದ್ದು ಅದಕ್ಕೇ. ಹಾಗೆಂದು ಏನೂ ಆಗುವುದಿಲ್ಲ ಎಂದು ಸುಮ್ಮನಿರುವುದಕ್ಕೂ ಇಲ್ಲ. ಬ್ಯಾಂಕು ದಿನಗಳನ್ನು ಎಣಿಸುತ್ತದೆ. ಕಂತು ತಪ್ಪಿ 30 ದಿನದವರೆಗೆ ಆ ಖಾತೆಗೆ ಎಸ್‌ಎಂಎ-0 ಎಂಬ ಗುರುತು, 31ರಿಂದ 60 ದಿನ ಎಸ್‌ಎಂಎ-1, 61ರಿಂದ 90 ದಿನ ಎಸ್‌ಎಂಎ-2. 90 ದಿನ ದಾಟಿದರೆ ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ. ಆ ಗೆರೆ ದಾಟಿದ ಮೇಲೆ ಮಾತಿನ ಧಾಟಿಯೇ ಬೇರೆ.

ಈ ಎಣಿಕೆಯಲ್ಲಿ ಒಂದು ಸೂಕ್ಷ್ಮವಿದೆ. ದಿನಗಳನ್ನು ಎಣಿಸುವುದು ಕಟ್ಟದೆ ಉಳಿದ ಅತಿ ಹಳೆಯ ಕಂತಿನಿಂದ. ಜೂನ್ 5ರ ಕಂತು, ಜುಲೈ 5ರ ಕಂತು ಎರಡೂ ತಪ್ಪಿವೆ ಎನ್ನಿ. ಆಗಸ್ಟ್‌ನಲ್ಲಿ ಹೇಗೋ ಒಂದು ಪೂರ್ತಿ ಕಂತು ಕಟ್ಟಿದರೆ ಅದು ಜೂನ್‌ನ ಬಾಕಿಗೆ ಜಮೆಯಾಗುತ್ತದೆ, ಎಣಿಕೆ ಜುಲೈನಿಂದ ಶುರುವಾಗುತ್ತದೆ. ಖಾತೆ ತಡವಾಗಿಯೇ ಇರುತ್ತದೆ, ಆದರೆ 90ರ ಗೆರೆಯಿಂದ ಒಂದು ತಿಂಗಳು ಹಿಂದಕ್ಕೆ ಬಂದಿರುತ್ತದೆ. ಒಮ್ಮೆ ಎನ್‌ಪಿಎ ಆದ ಮೇಲೆ ಈ ದಾರಿ ಇಲ್ಲ. ಆಗ ಒಂದು ಕಂತು ಕಟ್ಟಿದರೆ ಸಾಲದು, ಬಡ್ಡಿಯೂ ಅಸಲೂ ಸೇರಿ ತಪ್ಪಿದ ಬಾಕಿಯನ್ನೆಲ್ಲ ಕಟ್ಟಿದರೆ ಮಾತ್ರ ಖಾತೆ ಮೊದಲಿನ ದರ್ಜೆಗೆ ಬರುತ್ತದೆ. ಆದ್ದರಿಂದ 85ನೇ ದಿನದ ಒಂದು ಕಂತಿಗೂ 95ನೇ ದಿನದ ಒಂದು ಕಂತಿಗೂ ಅಜಗಜಾಂತರ. ಮೊತ್ತ ಒಂದೇ, ಕೆಲಸ ಬೇರೆ.

ನಮ್ಮಲ್ಲಿ ಬಹಳ ಮನೆಗಳು ಮುಳುಗುವುದು ಬ್ಯಾಂಕಿನಿಂದಲ್ಲ, ಬ್ಯಾಂಕಿಗೆ ಹೆದರಿ ಮಾಡುವ ಇನ್ನೊಂದು ಸಾಲದಿಂದ. ನಮ್ಮ ಬೀದಿಯಲ್ಲೂ ಒಬ್ಬರು ಕೊಡಲು ಬಂದರು: ನೂರಕ್ಕೆ ಐದು, ಕಾಗದ ಬೇಡ, ನಾಳೆಯೇ ಕೈಗೆ ದುಡ್ಡು. ನೂರಕ್ಕೆ ಐದು ಎಂದರೆ ಕೇಳಲು ಚಿಕ್ಕದು. ಆದರೆ ಅದು ತಿಂಗಳ ಬಡ್ಡಿ. ವರ್ಷಕ್ಕೆ ಶೇ. 60. ಬ್ಯಾಂಕಿನದು ವರ್ಷಕ್ಕೆ ಶೇ. 9, ತಿಂಗಳಿಗೆ ಮುಕ್ಕಾಲು. ನಾನು ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದೆ. ಆರು ಕಂತುಗಳನ್ನು ಬ್ಯಾಂಕಿಗೆ ತಡಮಾಡಿದರೆ ಆರು ತಿಂಗಳ ಕೊನೆಗೆ ಆ ತಡಕ್ಕೆ ಬೀಳುವ ಬಡ್ಡಿ ಸುಮಾರು 1,152 ರೂಪಾಯಿ. ಇದರ ಮೇಲೆ ದಂಡ ಶುಲ್ಕ, ಕಂತು ವಾಪಸಾದ ಶುಲ್ಕ ಬೇರೆ ಇರುತ್ತವೆ. ಅದೇ ಆರು ಕಂತನ್ನು ತಿಂಗಳು ತಿಂಗಳೂ ಐದರ ಬಡ್ಡಿಗೆ ತಂದು ಕಟ್ಟಿದರೆ, ಬಡ್ಡಿಗೆ ಬಡ್ಡಿ ಹಾಕದಿದ್ದರೂ 7,600 ದಾಟುತ್ತದೆ. ಅಸಲು ಹಾಗೇ ನಿಂತಿರುತ್ತದೆ, ಆ ಸಾಲಕ್ಕೆ 90 ದಿನದ ಎಣಿಕೆಯೂ ಇಲ್ಲ, ನೋಟಿಸೂ ಇಲ್ಲ. ಬಾಗಿಲಿಗೆ ಬಂದು ಕೂರುವುದಷ್ಟೇ.

ಅಬ್ಬಾ ಆ ಪುಟವನ್ನು ಬಹಳ ಹೊತ್ತು ನೋಡಿದರು. ಅವರಿಗೆ ಬೇಕಿದ್ದುದು ಕಡಿಮೆ ಬಡ್ಡಿಯಲ್ಲ, ಮರ್ಯಾದೆ. ಕಂತು ತಪ್ಪಿತು ಎಂದು ಬ್ಯಾಂಕಿನಲ್ಲಿ ಹೇಳಿಕೊಳ್ಳುವುದಕ್ಕಿಂತ ಐದರ ಬಡ್ಡಿ ಕೊಡುವುದು ಅವರಿಗೆ ಹಗುರವಾಗಿ ಕಂಡಿತ್ತು. ಮರ್ಯಾದೆಯ ಬೆಲೆಯನ್ನು ಅಂಕಿಯಲ್ಲಿ ನೋಡಿದ ಮೇಲೆ ಅವರು ಆ ದುಡ್ಡು ಬೇಡ ಎಂದರು. ಇಂಥ ಖಾಸಗಿ ಸಾಲದ ಕಿರುಕುಳಕ್ಕೆ ಸಿಕ್ಕಿಕೊಂಡವರಿಗೆ ಒಂದು ವಿಷಯ: ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ತಪ್ಪಿತಸ್ಥರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ತಪ್ಪಿದ ಮೊದಲ ಕಂತಿನ 40ನೇ ದಿನ ನಾವು ಬ್ಯಾಂಕಿಗೆ ಅರ್ಜಿ ಕೊಟ್ಟೆವು. ಅದಕ್ಕೆ ಮೊದಲು ಅಬ್ಬಾ ಒಮ್ಮೆ ಹೋಗಿ ಬಾಯಿಮಾತಿನಲ್ಲಿ ಕೇಳಿದ್ದರು. ಕೌಂಟರಿನಲ್ಲಿದ್ದವರು ಅಂಥ ಸೌಲಭ್ಯ ಏನೂ ಇಲ್ಲ ಎಂದು ಕಳುಹಿಸಿದ್ದರು. ಬಾಯಿಮಾತಿಗೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಅರ್ಜಿಯಲ್ಲಿ ನಾನು ಬರೆದದ್ದು ಒಂದೇ ಪುಟ: ಸಾಲದ ಖಾತೆ ಸಂಖ್ಯೆ, ಇಲ್ಲಿಯವರೆಗೆ ಎಷ್ಟು ಕಂತು ತಪ್ಪದೆ ಕಟ್ಟಿದ್ದೇವೆ, ಯಾವ ದಿನಾಂಕದಿಂದ ಕೆಲಸ ಇಲ್ಲ, ಈಗ ಮನೆಗೆ ಬರುವ ಆದಾಯ, ತಿಂಗಳಿಗೆ ಖಂಡಿತ ಕಟ್ಟಬಲ್ಲ ಮೊತ್ತ, ಮತ್ತು ನಮಗೆ ಬೇಕಾದದ್ದು ಸಾಲದ ಅವಧಿ ವಿಸ್ತರಣೆ ಎಂಬುದು. ಕಷ್ಟವನ್ನು ವರ್ಣಿಸಲು ಎರಡು ಸಾಲಿಗಿಂತ ಹೆಚ್ಚು ಬಳಸಲಿಲ್ಲ. ಜೊತೆಗೆ ಹಿಂದಿನ ಮಾಲೀಕರ ಪತ್ರ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಂಡೆವು. ಆ ಸೀಲು ಮುಖ್ಯ. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ಸಹಾಯವಾಣಿ 14448. ಸಾಲದ ಷರತ್ತು ಬದಲಿಸಲೇಬೇಕು ಎಂದು ಬ್ಯಾಂಕನ್ನು ಯಾರೂ ಬಲವಂತಪಡಿಸಲಾರರು ಎಂಬುದೂ ನಿಜ. ಆದರೆ ಮನೆ ಹರಾಜು ಹಾಕುವುದು ಬ್ಯಾಂಕಿಗೂ ಖರ್ಚಿನ, ತಲೆನೋವಿನ ಕೆಲಸ. ಕಟ್ಟುವ ಮನಸ್ಸಿರುವ ಸಾಲಗಾರ ಅವರಿಗೂ ಬೇಕು.

ನಮ್ಮ ಅವಧಿಯನ್ನು ವಿಸ್ತರಿಸಿದರು. ಇದನ್ನು ಗೆಲುವು ಎಂದು ಹೇಳಲಾರೆ, ಏಕೆಂದರೆ ಇದಕ್ಕೂ ಬೆಲೆ ಇದೆ. ಉದಾಹರಣೆಯ ಅಂಕಿಗಳಲ್ಲೇ ನೋಡಿ. ಉಳಿದ 8,91,247ನ್ನು 12 ವರ್ಷದ ಬದಲು 20 ವರ್ಷಕ್ಕೆ ಎಳೆದರೆ ಕಂತು 10,143ರಿಂದ 8,019ಕ್ಕೆ ಇಳಿಯುತ್ತದೆ. ತಿಂಗಳಿಗೆ 2,124 ಉಳಿಯಿತು. ಆದರೆ ಮುಂದೆ ಕಟ್ಟುವ ಒಟ್ಟು ಮೊತ್ತ 14,60,000ದಿಂದ 19,24,000ಕ್ಕೆ ಏರುತ್ತದೆ. ಹತ್ತಿರ ಹತ್ತಿರ 4,64,000 ಹೆಚ್ಚು! ನಾನು ಸಾಲ ತೀರುವ ಹೊತ್ತಿಗೆ 37 ವರ್ಷದವಳಾಗಿರುತ್ತೇನೆ. ಹಾಗಿದ್ದರೂ ಒಪ್ಪಿಕೊಂಡೆವು, ಏಕೆಂದರೆ ಬದಲಾಗುವ ಬಡ್ಡಿಯ ಮನೆ ಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಒಳ್ಳೆಯ ತಿಂಗಳುಗಳಲ್ಲಿ ಹೆಚ್ಚು ಕಟ್ಟಿ ಅವಧಿಯನ್ನು ಮತ್ತೆ ಕುಗ್ಗಿಸಬಹುದು. ಕ್ರೆಡಿಟ್ ವರದಿಯಲ್ಲಿ ಸಾಲ ಮರುಹೊಂದಿಕೆಯಾಗಿದೆ ಎಂಬ ಗುರುತು ಬೀಳುತ್ತದೆ, ಅದನ್ನೂ ತಿಳಿದೇ ಸಹಿ ಮಾಡಿದ್ದು.

ಕೆಲವರು ಅವಧಿ ವಿಸ್ತರಣೆಯ ಬದಲು ಮೊರಟೋರಿಯಂ ಕೇಳುತ್ತಾರೆ, ಅಂದರೆ ಕೆಲವು ತಿಂಗಳು ಕಂತಿನಿಂದ ವಿರಾಮ. ಕೋವಿಡ್ ಸಮಯದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಎಲ್ಲರಿಗೂ ಇದು ಸಿಕ್ಕಿತ್ತು. ಆಗ ಇದನ್ನು ಮನ್ನಾ ಎಂದು ತಿಳಿದವರು ಬಹಳ. ವಿರಾಮದಲ್ಲೂ ಬಡ್ಡಿ ಓಡುತ್ತಿರುತ್ತದೆ. ನಮ್ಮ ಉದಾಹರಣೆಯಲ್ಲಿ ಆರು ತಿಂಗಳು ನಿಲ್ಲಿಸಿದರೆ 8,91,247 ಬೆಳೆದು 9,32,113 ಆಗುತ್ತದೆ. ಕಂತು ಮೊದಲಿನಷ್ಟೇ ಇದ್ದರೆ ಸಾಲ ತೀರುವುದು 18 ತಿಂಗಳು ತಡ. ಆರಕ್ಕೆ ಹದಿನೆಂಟು.

ಎಲ್ಲ ಪ್ರಯತ್ನವೂ ಸೋತು ಖಾತೆ ಎನ್‌ಪಿಎ ಆದರೆ? ಆಗ ಬರುವುದು 2002ರ ಸರ್ಫೇಸಿ ಕಾಯ್ದೆ. ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕಿಗೆ ಈ ಕಾಯ್ದೆಯಿಂದ ಬಂದಿದೆ. ಮೊದಲು ಸೆಕ್ಷನ್ 13(2)ರ ನೋಟಿಸು, ಹಣ ಕಟ್ಟಲು 60 ದಿನ. ಈ ನೋಟಿಸಿಗೆ ನಾವು ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳಲ್ಲಿ ಕಾರಣ ಸಹಿತ ಉತ್ತರಿಸಲೇಬೇಕು. ನಂತರ ಸ್ವಾಧೀನದ ನೋಟಿಸು. ಅದು ಎರಡು ಪತ್ರಿಕೆಗಳಲ್ಲಿ ಪ್ರಕಟವಾಗಬೇಕು, ಒಂದು ಸ್ಥಳೀಯ ಭಾಷೆಯದ್ದು. ಪತ್ರಿಕೆಯ ಒಳಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಮನೆಯ ಚೆಕ್ಕುಬಂದಿ ಸಮೇತ ಬರುವ ಜಾಹೀರಾತುಗಳು ಇವೇ. ಇದರ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು, ಅದು ಬೆಂಗಳೂರಿನಲ್ಲಿದೆ. ಮಾರಾಟಕ್ಕೆ ಮುನ್ನ 30 ದಿನಗಳ ನೋಟಿಸು ಬೇಕು. ಬಾಕಿ ಮತ್ತು ಖರ್ಚನ್ನೆಲ್ಲ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. ಮಾರಿದ ಹಣ ಬಾಕಿಗಿಂತ ಹೆಚ್ಚು ಬಂದರೆ ಮಿಕ್ಕದ್ದು ಮಾಲೀಕರದು. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಬಾಕಿ ಉಳಿದದ್ದು ಅಸಲು ಮತ್ತು ಬಡ್ಡಿಯ ಶೇ. 20ಕ್ಕಿಂತ ಕಡಿಮೆ ಇದ್ದರೂ ಇಲ್ಲ. ಈ ಯಾವ ನೋಟಿಸನ್ನೂ ಪೋಸ್ಟ್‌ಮ್ಯಾನ್ ಕೈಯಿಂದ ತೆಗೆದುಕೊಳ್ಳದೆ ವಾಪಸ್ ಕಳುಹಿಸಬೇಡಿ. ಅದರಿಂದ ನೋಟಿಸು ನಿಲ್ಲುವುದಿಲ್ಲ, ನಮ್ಮ ದಿನಗಳು ಹೋಗುತ್ತವೆ.

ಫೋನಿನ ಬಗ್ಗೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ, ನೆರೆಹೊರೆಯವರ ಮುಂದೆ ಅವಮಾನ ಮಾಡುವಂತಿಲ್ಲ. ನಮ್ಮಲ್ಲಿಗೆ ರಾತ್ರಿ ಎಂಟೂವರೆಗೆ ಒಂದು ಕರೆ ಬಂತು. ಆಪಾ ಹೆಸರು, ಗುರುತಿನ ಸಂಖ್ಯೆ ಕೇಳಿ ಬರೆದುಕೊಂಡಳು, ಸಮಯವನ್ನೂ ಬರೆದಳು. ಮತ್ತೆ ಆ ಹೊತ್ತಿನಲ್ಲಿ ಕರೆ ಬರಲಿಲ್ಲ.

ಬಡ್ಡಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇರುವ ಸಂಕಟ ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಿಲ್ಲ. ಬಾಡಿಗೆ ಮನೆ ಸಿಗದೆ ವರ್ಷಗಟ್ಟಲೆ ಅಲೆದ ಮೇಲೆ ಅಬ್ಬಾ ಮಾಡಿದ ಸಾಲ ಇದು. ಅದನ್ನು ಇಲ್ಲಿ ಚರ್ಚಿಸುವಷ್ಟು ಇಲ್ಮ್ ನನಗಿಲ್ಲ. ಎರಡು ವಿಷಯ ಮಾತ್ರ ಹೇಳುತ್ತೇನೆ. ಕುರ್‌ಆನ್‌ನ ಅತ್ಯಂತ ದೀರ್ಘ ಆಯತ್, ಸೂರಃ ಬಕರಃದ 282ನೆಯದು, ಸಾಲವನ್ನು ಬರೆದಿಡುವ ಬಗ್ಗೆ ಇದೆ. ಆದರೂ ಸಂಬಂಧಿಕರ ನಡುವಿನ ಕರ್ಜೆ ಹಸನವನ್ನು ಬರೆಯಲು ನಾವು ಸಂಕೋಚಪಡುತ್ತೇವೆ. ಮಾಮು ಕೊಟ್ಟ ಹಣವನ್ನು ಅಬ್ಬಾ ಮೊದಲ ಬಾರಿಗೆ ದಿನಾಂಕ ಹಾಕಿ, ಸಹಿ ಮಾಡಿ ಬರೆದುಕೊಟ್ಟರು. ಮಾಮು ಬೇಡ ಬೇಡ ಎಂದರು, ಆದರೆ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಇನ್ನೊಂದು, ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಗಾರಿಮೀನ್, ಅಂದರೆ ಸಾಲದಲ್ಲಿ ಸಿಕ್ಕಿಕೊಂಡವರು, ಒಂದು ವರ್ಗ. ಅಬ್ಬಾ ಅದನ್ನು ಕೇಳಲು ಒಪ್ಪಲಿಲ್ಲ. ನಮಗಿಂತ ಕಷ್ಟದಲ್ಲಿರುವವರು ಇದ್ದಾರೆ ಎಂದರು. ಆದರೆ ಅದು ಭಿಕ್ಷೆಯಲ್ಲ, ಅರ್ಹರ ಹಕ್ಕು ಎಂಬುದು ಗೊತ್ತಿರಲಿ.

ಮನೆಯಲ್ಲಿ ಈಗ ಒಂದು ಕ್ಯಾಶ್ ಬುಕ್ ಇದೆ, ಬರೆಯುವವಳು ನಾನು. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಗೃಹಲಕ್ಷ್ಮಿಯ 2,000 ಬಂದ ತಿಂಗಳು ಎಡಕ್ಕೆ ಸೇರುತ್ತದೆ, ಬಾರದ ತಿಂಗಳು ಅದನ್ನು ನಂಬಿ ಏನನ್ನೂ ಬರೆಯುವುದಿಲ್ಲ. ಶಕ್ತಿ ಯೋಜನೆಯಿಂದ ಆಪಾಳ ಬಸ್ ಖರ್ಚು ಸೊನ್ನೆ. ತಪ್ಪಿದ ಕಂತನ್ನು ಕಟ್ಟಿದ್ದು ಅಮ್ಮಿಯ ಎರಡು ಬಳೆಗಳ ಮೇಲಿನ ಚಿನ್ನದ ಸಾಲದಿಂದ. ಅದರ ಬಡ್ಡಿಯೂ ಪುಸ್ತಕದಲ್ಲಿದೆ, ಬಿಡಿಸುವ ತಾರೀಖೂ ಇದೆ. ಲೆಕ್ಕ ಬರೆಯುವುದರಿಂದ ಹಣ ಹೆಚ್ಚಾಗಲಿಲ್ಲ. ಆದರೆ ರಾತ್ರಿ ಊಟದ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದ ಅಬ್ಬಾ ಈಗ ಪುಸ್ತಕ ತೆಗೆದು ಕೂರುತ್ತಾರೆ. ಏನೂ ಹೇಳದ ಅಪ್ಪನಿಗಿಂತ, ಗ್ಯಾಸಿಗೆ ಇಷ್ಟೇಕೆ ಆಯಿತು ಎಂದು ಗದರುವ ಅಪ್ಪನೇ ಒಳ್ಳೆಯದು.

ಕಾಲೇಜು ಬಿಟ್ಟು ಅಂಗಡಿಗೆ ಸೇರುತ್ತೇನೆ ಎಂದು ನಮ್ಮ ತರಗತಿಯ ಒಬ್ಬ ಹುಡುಗ ಹೇಳುತ್ತಿದ್ದಾನೆ. ಅವನಿಗೆ, ಅವನಂಥವರಿಗೆ: ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಕಚೇರಿಯಲ್ಲಿ ಕೇಳಿ, ನನಗೆ ಕೊಟ್ಟಿದ್ದಾರೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಕೊನೆಯ ದಿನದವರೆಗೆ ಕಾಯಬೇಡಿ. ನಿದ್ದೆ ಬಾರದೆ, ಯಾರಿಗೂ ಹೇಳಲಾಗದೆ ಇರುವವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬ್ಯಾಂಕಿನಿಂದ ನೋಟಿಸು ಬಂದಿದ್ದರೆ ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಿರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಮನೆ ಅಮ್ಮನ ಹೆಸರಿನಲ್ಲೂ ಇದ್ದರೆ ಅಮ್ಮನೇ ಅರ್ಜಿ ಹಾಕಬಹುದು.

ನಮ್ಮ ಅರ್ಜಿಯ ಒಂದು ಪ್ರತಿಯನ್ನು ಹೆಸರು, ಖಾತೆ ಸಂಖ್ಯೆ ಅಳಿಸಿ ಗ್ರಂಥಾಲಯದಲ್ಲಿ ಕೊಟ್ಟಿದ್ದೇನೆ. ಬೇಕಾದವರು ನೋಡಿ ಬರೆದುಕೊಳ್ಳಬಹುದು.